ಎಡಗಾಲಿನ ಅಳತೆ

ಕರೆಂಟು ಹೋದಾಗ ಏನೂ ಆಗಲಿಲ್ಲ. ಅದು ತಿರುಗಿ ಬಂದ ರಭಸಕ್ಕೆ ಆಯಿತು. ಕಟಿಂಗ್ ರೂಮಿನ ಟ್ಯೂಬ್‌ಲೈಟುಗಳೆಲ್ಲ ಬೆಳ್ಳಗೆ ಉರಿದು ಗುಂಯ್ ಎಂದವು, ಕಂಪ್ಯೂಟರಿನ ಪರದೆ ಒಮ್ಮೆ ಕಪ್ಪಾಗಿ ಮತ್ತೆ ಹತ್ತಿಕೊಂಡಿತು. ನಾನು ಆಗ ಹೊರಗೆ ನೀರಿನ ತೊಟ್ಟಿಯ ಹತ್ತಿರ ಟಿಫಿನ್ ಡಬ್ಬಿ ತೊಳೆಯುತ್ತಿದ್ದೆ. ಒಳಗೆ ಬರುವಷ್ಟರಲ್ಲಿ ಕಿರಣ್ ಕುಮಾರ್ ನನ್ನ ಕುರ್ಚಿಯಲ್ಲಿ ಕೂತಿದ್ದ. ಪ್ಯಾಟರ್ನುಗಳಿದ್ದ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಬಳಸಲು ಬರುವುದಿಲ್ಲ, ಮಾಡಲೇ ಎಂದು ಪರದೆಯ ಮೇಲೆ ಬಂದಿತ್ತಂತೆ. ಇವನು ಹೌದು ಎಂದು ಒತ್ತಿದ್ದ.

“ಅದು ಕೇಳ್ತು, ನಾ ಹೌದಂದೆ. ಅಷ್ಟು ಮರ್ಯಾದಿ ಕೊಟ್ಟು ಕೇಳಿದ್ರ ಇಲ್ಲ ಅನ್ನಾಕ ಬಾಯಿ ಬರ್ತೈತೇನು?” ಎಂದು ನಕ್ಕ. ಆಮೇಲೆ ಫೋಲ್ಡರ್ ತೆರೆದು ಅಲ್ಲಿ ಏನೂ ಇಲ್ಲದ್ದನ್ನು ನೋಡಿ ನಗು ನಿಲ್ಲಿಸಿದ.

ನಮ್ಮದು ರಾಯದುರ್ಗದ ಕೋಟೆ ಬೆಟ್ಟದ ಬುಡದಲ್ಲಿರುವ ಜೀನ್ಸ್ ಯೂನಿಟ್ಟು. ಓನರ್ ಲೋಕನಾಥ್. ಕಿರಣ್ ಅವರ ಹೆಂಡತಿಯ ತಮ್ಮ. ಮೊದಲೆಲ್ಲ ಕಟಿಂಗ್ ಮಾಸ್ಟರ್ ಈಶ್ವರಯ್ಯನವರು ಖಾಕಿ ಕಾಗದದ ಮೇಲೆ ಪ್ಯಾಂಟಿನ ಒಂದೊಂದು ಭಾಗವನ್ನೂ ಬರೆದು ಕತ್ತರಿಸಿಡುತ್ತಿದ್ದರು. ಈಗ ಆ ಕಾಗದಗಳೆಲ್ಲ ಕಂಪ್ಯೂಟರಿನೊಳಗೆ ಹೋಗಿವೆ. ಬೇಕಾದ ಸೈಜನ್ನು ನಾನು ತೆರೆದರೆ ಪ್ಲಾಟರ್ ಅದನ್ನು ಉದ್ದದ ಕಾಗದದ ಮೇಲೆ ಬರೆಯುತ್ತದೆ. ಮಾಸ್ಟ್ರು ಅದನ್ನು ಒಂದರ ಮೇಲೊಂದು ಪೇರಿಸಿದ ಬಟ್ಟೆಯ ಪದರಗಳ ಮೇಲೆ ಹಾಸಿ ಮಿಶಿನ್ ಓಡಿಸುತ್ತಾರೆ. ಇಷ್ಟು ವರ್ಷಗಳ ಪ್ಯಾಟರ್ನೆಲ್ಲ ಆ ಒಂದು ಡಿಸ್ಕಿನಲ್ಲಿತ್ತು. ಕಾಪಿ ಇದೆ ಎಂದು ಎಲ್ಲರೂ ನಂಬಿದ್ದ ಪೆನ್‌ಡ್ರೈವನ್ನು ಹುಡುಕಿ ತಂದು ಹಾಕಿದರೆ ಅದರ ತುಂಬ ಕಿರಣನ ತೆಲುಗು ಸಿನಿಮಾಗಳಿದ್ದವು.

ಲೋಕನಾಥ್ ಬಂದರು. ಬಾಮೈದನನ್ನು ಬೈಯಲು ಅವರಿಗೆ ಹೊತ್ತು ಸಿಗಲಿಲ್ಲ. “ಆಗಿದ್ದು ಆತು. ಬಳ್ಳಾರಿಯಿಂದ ಸಾಫ್ಟ್‌ವೇರ್ ತರ್ಸಿ ಹೊಸದಾಗಿ ಹಾಕು. ಮಾಸ್ಟ್ರು ಮತ್ತ ಬರೀಲಿ,” ಎಂದರು. ಬಳ್ಳಾರಿಯಿಂದ ತರಿಸುವ ಅವಶ್ಯವಿರಲಿಲ್ಲ. ಕಿರಣನ ಹತ್ತಿರವೇ ಇತ್ತು. ಅದಿದ್ದ ಪೆನ್‌ಡ್ರೈವನ್ನು ಅವನು ಆಗಲೇ ಕಂಪ್ಯೂಟರಿಗೆ ಚುಚ್ಚಲು ಹೊರಟಿದ್ದ.

“ಮುಟ್‌ಬ್ಯಾಡಿ!”

ಅದು ನನ್ನ ಬಾಯಿಂದ ಬಂತು. ಕಿರಣ್ “ಮುಟ್‌ಬ್ಯಾಡಿ! ಕೇಳಿದ್ರೇನು ಬಾವಾ, ಮಡಕಶಿರ ಮಾತಾಡ್ತು!” ಎಂದು ಅಣಕಿಸಿದ. ಎಲ್ಲರೂ ನಕ್ಕರು.

ನಾನು ಮಡಕಶಿರದ ಕಡೆಯವಳು. ರೊಳ್ಳದ ಹತ್ತಿರದ ರತ್ನಗಿರಿ ನಮ್ಮೂರು. ಡಿಗ್ರಿ ಮುಗಿಸಿ, ಇಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತೇನೆ. ಇಲ್ಲಿಯವರ ಮಾತಿಗೂ ನಮ್ಮ ಮಾತಿಗೂ ಅಷ್ಟು ದೂರವೇನಿಲ್ಲ, ಆದರೆ ನಾನು ‘ಬ್ಯಾಡಿ’ ಎಂದಾಗ, ‘ಐತೆ’ ಎಂದಾಗ ಯಾರಾದರೂ ನಗುತ್ತಾರೆ. ಅದಕ್ಕೇ ಬಾಯಿ ತೆರೆಯುವುದು ಕಡಿಮೆ. ಹೇಳದೆ ಉಳಿದದ್ದನ್ನು ಮನೆಗೆ ಹೋಗಿ ಡೈರಿಯಲ್ಲಿ ಬರೆಯುತ್ತೇನೆ. ಅಲ್ಲಿ ನಾನು ಬಹಳ ಮಾತುಗಾತಿ.

ಆದರೆ ಆವತ್ತು ಡೈರಿಯ ತನಕ ಕಾಯುವ ಹಾಗಿರಲಿಲ್ಲ. ಲೋಕನಾಥರ ಮುಖ ನೋಡದೆ, ಕೀಬೋರ್ಡನ್ನು ನೋಡುತ್ತ ಹೇಳಿದೆ. “ಸಾರ್, ಹೆಸ್ರುಗ್ಳು ಮಾತ್ರ ಹೋಗಿರೋದು. ಯಾವ್ದು ಎಲ್ಲೈತೆ ಅನ್ನೋ ಗುರುತು ಹೋಗೈತೆ. ಒಳಗಿರೋದೆಲ್ಲ ಇನ್ನೂ ಅಲ್ಲೇ ಐತೆ. ಅದ್ರ ಮ್ಯಾಲೆ ಹೊಸದಾಗಿ ಏನಾದ್ರೂ ಬರ್ದ್ರೆ ಆಗ ನಿಜವಾಗ್ಲೂ ಹೋಯ್ತದೆ.”

“ಅಂದ್ರ ತೆಗೀತಿ?”

“ನೋಡ್ತೀನಿ ಸಾರ್.”

“ಅಮಾಸಿಗೆ ಹೆಂಗೂ ಯೂನಿಟ್ ಬಂದ್. ಅದರ ಹಿಂದಿನ ದಿನದ ತನಕ ನೋಡು. ಆಮ್ಯಾಲ ಡಿಸ್ಕ್ ಇಲ್ಲಿ ಇರಬೇಕು, ಕೆಲಸ ಶುರುವಾಗಬೇಕು.”

ಹಿರಿಯರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆಗೆ ಇನ್ನು ಕೆಲವೇ ದಿನಗಳಿದ್ದವು.

ಡಿಸ್ಕನ್ನು ಬಿಚ್ಚಿಕೊಂಡು ಹಿಂದಿನ ಕೋಣೆಗೆ ಹೋದೆ. ಅಲ್ಲಿ ಬಿಲ್ ಹಾಕುತ್ತಿದ್ದ ಹಳೆಯ ಕಂಪ್ಯೂಟರ್ ಒಂದಿತ್ತು. ಒಂದೇ ಕಿಟಕಿ, ಅದರ ತುಂಬ ಬೆಟ್ಟ. ಮಧ್ಯಾಹ್ನವಾದರೂ ಅಲ್ಲಿ ಲೈಟು ಹಾಕಿಕೊಂಡೇ ಕೂರಬೇಕು. ಕಳೆದುಹೋದ ಫೈಲುಗಳನ್ನು ಹುಡುಕುವ ಪ್ರೋಗ್ರಾಂ ಡಿಸ್ಕಿನ ಮೊದಲ ಮೂಲೆಯಿಂದ ಒಂದೊಂದೇ ಅಂಗುಲ ತಡವುತ್ತ ಹೋಗುತ್ತದೆ. ಪ್ಯಾಟರ್ನ್ ಫೈಲು ಯಾವ ಗುರುತಿನಿಂದ ಶುರುವಾಗುತ್ತದೆ ಎಂದು ಅದಕ್ಕೆ ತೋರಿಸಿಕೊಟ್ಟಿದ್ದೆ. ಆ ಗುರುತು ಸಿಕ್ಕಲ್ಲೆಲ್ಲ ಒಂದು ಫೈಲನ್ನು ಎತ್ತಿ, ಒಂದು ನಂಬರು ಕೊಟ್ಟು, ಬೇರೆ ಡಿಸ್ಕಿಗೆ ಹಾಕುತ್ತಿತ್ತು. ಹೆಸರಿಲ್ಲ, ತಾರೀಖಿಲ್ಲ. ತೆರೆದು ಮುಖ ನೋಡಿಯೇ ಯಾರೆಂದು ಹೇಳಬೇಕು.

ಮುಖ ಎಂದೆ. ಇರುವುದು ಕಾಲುಗಳು. ಕಪ್ಪು ಪರದೆಯ ಮೇಲೆ ಬಿಳಿ ಗೆರೆಯ ಕಾಲುಗಳು, ಸೊಂಟದಿಂದ ಮೇಲೆ ಏನೂ ಇಲ್ಲದವು. ಒಂದನ್ನು ಮುಚ್ಚಿದರೆ ಇನ್ನೊಂದು. ಕೆಲವು ಅರ್ಧ ಬಂದವು, ಮಂಡಿಯ ತನಕ ನೆಟ್ಟಗಿದ್ದು ಅಲ್ಲಿಂದ ಗೆರೆ ಸಿಡಿದು ಪರದೆಯ ಮೂಲೆಗೆ ಓಡಿಹೋಗಿದ್ದವು. ಡಿಸ್ಕು ಒಳಗೊಳಗೇ ಕೆರೆಯುವ ಹಾಗೆ ಸದ್ದು ಮಾಡುತ್ತಿತ್ತು. ಬೆನ್ನ ಹಿಂದೆ ಯಾರೋ ನಿಂತ ಹಾಗೆ ಅನ್ನಿಸಿ ನಾನು ಆಗಾಗ ತಿರುಗಿ ನೋಡುತ್ತಿದ್ದೆ.

ಒಂದು ಸಲ ತಿರುಗಿದಾಗ ನಿಜವಾಗಿಯೂ ಇದ್ದರು. ಈಶ್ವರಯ್ಯ ಮಾಸ್ಟ್ರು. ಊಟದ ಬಿಡುವು, ಮಿಶಿನ್‌ಗಳೆಲ್ಲ ನಿಂತಿದ್ದವು. ಕುತ್ತಿಗೆಯಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ಬಾಗಿಲ ಹತ್ತಿರವೇ ನಿಂತು ಪರದೆಯ ಮೇಲಿನ ಕಾಲುಗಳನ್ನು ನೋಡುತ್ತಿದ್ದರು.

“ಯವ್ವಾ, ಒಂದು ಮಾತು ಕೇಳ್ಲೇನು?”

“ಕೇಳಿ ಮಾಸ್ಟ್ರೇ.”

“ಕಳದದ್ದು ತಿರುಗಿ ಬರ್ತಾವಂತಿ. ಬೇಕಂತ ಅಳಿಸಿದ್ದೂ ಬರ್ತೈತೇನು?”

ನನಗೆ ಅರ್ಥವಾಗಲಿಲ್ಲ. ಗೊತ್ತಿದ್ದಷ್ಟು ಹೇಳಿದೆ. “ಯಾವ್ದು ಕಳ್ದಿದ್ದು, ಯಾವ್ದು ನಾವೇ ಅಳ್ಸಿದ್ದು ಅಂತ ಇದಕ್ಕೆ ಗೊತ್ತಾಗಲ್ಲ ಮಾಸ್ಟ್ರೇ. ಸಿಕ್ಕಿದ್ದೆಲ್ಲ ತರ್ತೈತೆ.”

ಅವರು ಒಳಗೆ ಬಂದು ಬಟ್ಟೆಯ ಗಂಟಿನ ಮೇಲೆ ಕೂತರು. ಆಮೇಲೆ ಹೇಳಿದರು. ನನ್ನ ಕಡೆ ನೋಡದೆ, ನಾನು ಕೀಬೋರ್ಡ್ ನೋಡಿ ಹೇಳುವ ಹಾಗೆ, ಅವರು ಕಿಟಕಿಯ ಬೆಟ್ಟವನ್ನು ನೋಡಿ ಹೇಳಿದರು.

ಅವರ ಮಗ ಸಾಯಿಪ್ರಸಾದ್. ನಾನು ಇಲ್ಲಿಗೆ ಬರುವ ಮೊದಲೇ, ಎರಡು ವರ್ಷದ ಹಿಂದೆ, ಬೆಳುಗುಪ್ಪದ ಹತ್ತಿರ ಬೈಕಿನಿಂದ ಬಿದ್ದು ಹೋದವನು. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದೆಂದರೆ, ಅವನು ಸಣ್ಣವನಿದ್ದಾಗ ಸೀತಾಫಲ ಕೀಳಲು ಹೋಗಿ ಕೋಟೆಯ ಗೋಡೆಯಿಂದ ಬಿದ್ದಿದ್ದ. ಮುರಿದ ಕಾಲಿಗೆ ಕಟ್ಟು ಕಟ್ಟಿಸಿದ್ದರು, ಅದು ಸರಿಯಾಗಿ ಕೂಡಲಿಲ್ಲ. ಎಡಗಾಲು ಒಂದಿಷ್ಟು ಗಿಡ್ಡವಾಗಿ ಉಳಿಯಿತು. ಓಣಿಯ ಹುಡುಗರು ನಗದ ಹಾಗೆ ಮಾಸ್ಟ್ರು ಅವನ ಪ್ಯಾಂಟನ್ನು ಬೇರೆಯೇ ಕತ್ತರಿಸುತ್ತಿದ್ದರು. ಎಡಗಡೆಯ ಸೊಂಟ, ಮಂಡಿ, ಬಾಟಮ್ ಎನ್ನುವ ಕೆಳಗಿನ ಅಂಚು, ಎಲ್ಲವೂ ಒಂದೊಂದು ಚೂರು ಬೇರೆ. ಹಾಕಿಕೊಂಡು ನಿಂತರೆ ಗೊತ್ತಾಗುತ್ತಿರಲಿಲ್ಲ, ನಡೆದರೂ ನೋಡುವವರ ಕಣ್ಣಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ.

“ಈ ಕಂಪ್ಯೂಟರ್ ಬಂದ ಹೊಸದ್ರಾಗ ಕಲಿಸಾಕ ಬಂದಿದ್ದಂವ ಯಾವುದಾದ್ರೂ ಕಾಗದ ಕೊಡ್ರಿ ಅಂದ. ಕೈಗೆ ಸಿಕ್ಕಿದ್ದು ನಮ್ಮ ಸಾಯಿದು. ಅದನ್ನ ಬೋರ್ಡಿನ ಮ್ಯಾಲ ಇಟ್ಟು ಒಳಗ ಇಳಿಸಿದ. ‘ಮಾಸ್ಟ್ರೇ, ನಿಮ್ಮ ಕಾಗದ ತಪ್ಪೈತ್ರಿ, ಎರಡು ಕಾಲು ಸಮ ಇಲ್ಲ’ ಅಂದ. ‘ಸಮ ಇಲ್ಲದ್ದೇ ಸರಿ, ನೀ ಬರಕ’ ಅಂದೆ.”

ಮಾಸ್ಟ್ರ ಮನೆತನದಲ್ಲಿ ಒಂದು ನಡೆ ಇತ್ತು. ಸತ್ತವರ ಅಳತೆಯನ್ನು ಹೊಲಿಯುವವನು ಇಟ್ಟುಕೊಳ್ಳಬಾರದು. ಅಳತೆ ಉಳಿದರೆ ಅದಕ್ಕೆ ತಕ್ಕ ಮೈಯನ್ನು ಹುಡುಕಿಕೊಂಡು ಸತ್ತವರು ಬರುತ್ತಾರಂತೆ. ಅವರ ತಂದೆಯೂ ಹಾಗೆ ಮಾಡುತ್ತಿದ್ದರು, ಗಿರಾಕಿ ಸತ್ತ ಸುದ್ದಿ ಬಂದರೆ ಮೊದಲು ಅವನ ಕಾಗದ ಹರಿದು ಆಮೇಲೆ ಸ್ನಾನ ಮಾಡುತ್ತಿದ್ದರು. ಸಾಯಿಯ ಬಟ್ಟೆಗಳನ್ನೆಲ್ಲ ತಾಯಿಯೇ ಒಗೆದು ಕೊಟ್ಟುಬಿಟ್ಟರು. ಖಾಕಿ ಕಾಗದವನ್ನು ತಂದೆ ಹರಿದರು. ಹನ್ನೊಂದನೆಯ ದಿನ ಯೂನಿಟ್ಟಿಗೆ ಬಂದು, ಆಗ ಇದ್ದ ಆಪರೇಟರ್ ಪಕ್ಕ ನಿಂತು, ಕಂಪ್ಯೂಟರಿನಲ್ಲಿದ್ದದ್ದನ್ನೂ ಅಳಿಸಿಸಿದರು.

“ಈಗ್ಯಾಕೆ ಬೇಕು ಮಾಸ್ಟ್ರೇ?”

“ಹೋದ ವರ್ಸ ಹಿರೇರ ಅಮಾಸಿಗೆ ಅವಂಗ ಮೊದಲನೇ ಎಡಿ. ಹೊಸ ಬಟ್ಟಿ ಇಡಬೇಕಲ್ಲ. ಇಲ್ಲಿಂದೇ ಒಂದು ಪ್ಯಾಂಟ್ ಒಯ್ದು ಇಟ್ಟೆ. ಎಲ್ಲಾರೂ ಹಾಕ್ಕೊಳ್ಳುವಂಥದ್ದು. ಎರಡು ಕಾಲೂ ಸಮ ಇದ್ದದ್ದು.” ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. “ಅವತ್ತಿಂದ ನಮ್ಮ ಮನಿಯಾಕಿಗೆ ಕೇಳಿಸ್ತೈತಿ. ಎಡಗಾಲಿನ ಬಾಟಮ್ ನೆಲಕ್ಕ ಎಳಕೊಂಡು ಅಡ್ಡಾಡಿದ್ಹಂಗ. ಸರ್... ಸರ್... ಅಂತ.”

ನಾನು ಕೇಳಬಾರದಿತ್ತೇನೋ, ಕೇಳಿದೆ. “ನೀವು ಇಷ್ಟು ಸಲ ಕತ್ತರಿಸಿದೀರ. ಅಳತೆ ನೆನಪಿರಲ್ವಾ?”

“ಟೇಪ್ ಹಿಡಿದಿದ್ರ ನೆನಪಿರ್ತಿತ್ತು. ಅಂವ ಮುಂದ ನಿಂದ್ರುತಿದ್ದ, ನಾನು ಬಟ್ಟಿ ಸುತ್ತಿ ಪಿನ್ನು ಚುಚ್ಚತಿದ್ದೆ. ಕೈಗೆ ಗೊತ್ತಿತ್ತು, ತಲಿಗಿಲ್ಲ. ಈಗ ಪಿನ್ನು ಯಾರಿಗೆ ಚುಚ್ಚಲಿ? ಅಂದಾಜಿನ ಮ್ಯಾಲ ಎಷ್ಟು ಸಲ ಕತ್ತರಿಸಿದೆ. ಆಕಿ ಮುಟ್ಟಿ ನೋಡ್ತಾಳ. ಇದು ನಮ್ಮ ಹುಡುಗಂದಲ್ಲ ಅಂತಾಳ.”

ಎರಡು ವರ್ಷದ ಹಿಂದೆ ಅಳಿಸಿದ್ದು. ಅದರ ಮೇಲೆ ಎರಡು ವರ್ಷದ ಕೆಲಸ ಕೂತಿದೆ. ಸಿಗುತ್ತದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಸಿಗುವುದಿಲ್ಲ ಎಂದು ಹೇಳುವುದಕ್ಕೂ ಬಾಯಿ ಬರಲಿಲ್ಲ. “ನೋಡ್ತೀನಿ” ಎಂದೆ.

ಮಾರನೆಯ ದಿನ ಊಟದ ಹೊತ್ತಿಗೆ ಸ್ವಲ್ಪ ಮೊದಲೇ ಮಾಸ್ಟ್ರು ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಯೂನಿಟ್ಟಿನ ಹಿಂದಿನ ಓಣಿ, ಬೆಟ್ಟಕ್ಕೆ ಹತ್ತುವ ಮೆಟ್ಟಿಲ ಕಡೆ. ಪದ್ಮಾವತಮ್ಮ ಪಡಸಾಲೆಯಲ್ಲಿ ಕೂತು ಜೀನ್ಸಿನ ದಾರ ಕತ್ತರಿಸುತ್ತಿದ್ದರು. ಹೊಲಿದ ಪ್ಯಾಂಟುಗಳ ರಾಶಿ ಒಂದು ಕಡೆ, ದಾರ ತೆಗೆದವು ಇನ್ನೊಂದು ಕಡೆ. ನಡುವೆ ಅವರು, ನೀಲಿ ಬಣ್ಣ ಹತ್ತಿದ ಬೆರಳುಗಳು.

“ಬಾರವ್ವಾ. ಕಂಪ್ಯೂಟರಿನಾಕಿ ನೀನೇನು? ಇಷ್ಟು ಸಣ್ಣಾಕಿ ಅದೀ,” ಎಂದು ನನ್ನ ಕೈಗೆ ಒಗ್ಗಾಣಿಯ ತಟ್ಟೆ ಕೊಟ್ಟರು. “ತಿನ್ನು, ನಾಚಬ್ಯಾಡ. ನಮ್ಮಂವನೂ ಹಿಂಗ ಇದ್ದ. ಬ್ಯಾರೆಯವ್ರ ಮುಂದ ಉಣ್ಣಾಕೂ ನಾಚಿಕಿ.”

ಊಟದ ಗಂಟೆ ಹೊಡೆಯಿತು. ಸುತ್ತಲಿನ ಯೂನಿಟ್ಟುಗಳ ಮಿಶಿನ್‌ಗಳು ಒಂದೊಂದಾಗಿ ನಿಂತವು. ಇಡೀ ದಿನ ಇರುವ ಸದ್ದು ನಿಂತಾಗ ಕಿವಿ ಒಂದು ಕ್ಷಣ ಕಿವುಡಾಗುತ್ತದೆ. ಪದ್ಮಾವತಮ್ಮ ಕತ್ತರಿ ಕೆಳಗಿಟ್ಟು ಬೆರಳೆತ್ತಿದರು.

“ಕೇಳು.”

ಕೇಳಿದೆ. ಒಳಗಿನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಬಾಗಿಲಿಗೆ ಪರದೆ ಇರಲಿಲ್ಲ, ಗಾಳಿಯೂ ಇರಲಿಲ್ಲ. ಹಗಲೆಲ್ಲ ಆ ಡಿಸ್ಕಿನ ಕೆರೆತ ಕೇಳಿ ಕೇಳಿ ನನ್ನ ಕಿವಿಯೇ ಹಾಗಾಗಿತ್ತೋ ಏನೋ. ಅಲ್ಲಿ ಏನೂ ಕೇಳಿಸಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ.

“ಸಿಟ್ಟಿಗೆ ಬರಾಂಗಿಲ್ಲವ್ವಾ ಅಂವ,” ಎಂದರು ಪದ್ಮಾವತಮ್ಮ ಮೆಲ್ಲಗೆ, ಒಳಗಿರುವವರಿಗೆ ಕೇಳಿಸಬಾರದೆಂಬ ಹಾಗೆ. “ನಾಚಿಕಿ ಅವಂಗ. ಕಾಲು ಎಳೀತಾನಂತ ಯಾರೂ ನಗಬಾರ್ದು ಅಂತ ಅವರಪ್ಪ ಅಷ್ಟು ಚೆಂದ ಕತ್ತರಿಸ್ತಿದ್ದ. ಈಗ ಅಲ್ಲಿ ಹೊಸ ಮಂದಿ. ಅವರ ಮುಂದ ನೆಲ ಬಳಕೋತ ಅಡ್ಡಾಡ್ತೈತಿ ನನ್ನ ಕೂಸು. ಅಲ್ಲಿ ಅವಂಗ ಯಾರು ಕತ್ತರಿಸಿಕೊಡಬೇಕು?”

ಮಾಸ್ಟ್ರು ಹೊರಗಿನ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದರು. ನಾನು ಒಗ್ಗಾಣಿಯ ತಟ್ಟೆಯನ್ನು ಕೆಳಗಿಟ್ಟೆ. ನಾಲ್ಕು ಜನ ನೋಡುತ್ತಾರೆ ಎಂಬ ಭಯ ಎಂಥದೆಂದು ನನಗೆ ಗೊತ್ತು. ಅದು ಸತ್ತ ಮೇಲೂ ಬಿಡುವುದಿಲ್ಲ ಎಂದು ಆವತ್ತಿನ ತನಕ ಯೋಚಿಸಿರಲಿಲ್ಲ.

ಅಮಾವಾಸ್ಯೆಯ ಹಿಂದಿನ ದಿನ ಬೆಳಗಾಗುವಷ್ಟರಲ್ಲಿ ಲೋಕನಾಥರಿಗೆ ಬೇಕಾದ ಪ್ಯಾಟರ್ನುಗಳು ಬಹುಪಾಲು ಸಿಕ್ಕಿದ್ದವು. ತೆರೆದು, ಗುರುತು ಹಿಡಿದು, ಹೆಸರು ಕೊಟ್ಟು ಇಟ್ಟಿದ್ದೆ. ಸಾಯಿಪ್ರಸಾದನದು ಇರಲಿಲ್ಲ. ಡಿಸ್ಕಿನ ಕೊನೆಯ ಪಾಲು ಇನ್ನೂ ಓದುವುದಿತ್ತು.

ಲೋಕನಾಥ್ ಪಟಪಟನೆ ನೋಡಿ, “ಶಭಾಷ್! ಇಷ್ಟು ಸಾಕು. ಕಿರಣಾ, ಡಿಸ್ಕ್ ಹಾಕು, ನಡೀಲಿ ಕೆಲಸ,” ಎಂದರು. ಕಿರಣ್ ಸ್ಕ್ರೂಡ್ರೈವರ್ ಹಿಡಿದು ಬಂದ. ನಾನು ಎದ್ದು ನಿಂತೆ. ಡಿಸ್ಕಿಗೂ ಅವನಿಗೂ ನಡುವೆ ನಿಂತಿದ್ದೇನೆ ಎಂದು ನಿಂತ ಮೇಲೆ ಗೊತ್ತಾಯಿತು.

“ಇನ್ನೊಂದು ಸ್ವಲ್ಪ ಐತೆ ಸಾರ್.”

“ಎಲ್ಲಾ ಬಂದಾವಲ್ಲ?”

“ಮಾಸ್ಟ್ರದೊಂದು... ಅವ್ರ ಮಗಂದು. ಅಳ್ಸಿದ್ದು. ಡಿಸ್ಕ್ ಹಾಕಿ ಕೆಲಸ ಶುರು ಮಾಡಿದ್ರೆ ಅದ್ರ ಮ್ಯಾಲೆ ಬರೀತೈತೆ. ಆಮೇಲೆ ಯಾರ್ ಬಂದ್ರೂ ಸಿಗಲ್ಲ.”

ಲೋಕನಾಥರ ಮುಖ ಬದಲಾಯಿತು. ಸಿಟ್ಟಲ್ಲ. ಅವರೂ ಹೊಲಿಯುವವರ ಮನೆಯಲ್ಲಿ ಹುಟ್ಟಿದವರು. “ಹರಿದು ಹಾಕಿದ ಅಳತಿ ಅದು. ತಿರುಗಿ ತರಬಾರ್ದಮ್ಮ,” ಎಂದರು, ದನಿ ತಗ್ಗಿಸಿ. “ಮಾಸ್ಟ್ರಿಗೆ ಗೊತ್ತಿಲ್ಲೇನು ಇದು? ಬ್ಯಾಡ. ಹಾಕೋ ಕಿರಣಾ.”

ನಾನು ಜಾಗ ಬಿಟ್ಟು ಸರಿಯಲಿಲ್ಲ. ಅದೇ ಒಂದು ಮಾತು ಮತ್ತೆ ಬಂತು. “ಮುಟ್‌ಬ್ಯಾಡಿ.”

ಈ ಸಲ ಕಿರಣ್ ನಗಲಿಲ್ಲ. ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ. “ಬಾವಾ, ಸಂಜಿತನಕ ಬಿಡ್ರಿ,” ಎಂದ. “ಅಂವಗ ಬೈಕ್ ಕಲಿಸಿದ್ದು ನಾನು. ಗೇರ್ ಹಾಕೋ ಕಾಲು ಅದು, ಬ್ಯಾಡೋ ಅಂದ್ರೂ ಕಲಿಸಂತ ಗಂಟುಬಿದ್ದಿದ್ದ.” ಅಷ್ಟು ಹೇಳಿ ಹೊರಗೆ ಹೋಗಿಬಿಟ್ಟ. ಲೋಕನಾಥ್ “ಸಂಜಿತನಕ. ನಾನಂತೂ ನೋಡಾಂಗಿಲ್ಲ,” ಎಂದು ಅವರೂ ಹೋದರು.

ಊಟವಾದ ಮೇಲೆ ಅದು ಬಂತು. ಎಲ್ಲ ಫೈಲುಗಳ ಹಾಗೆ ಒಂದು ನಂಬರು, ಅಷ್ಟೇ. ತೆರೆದಾಗ ಫೈಲ್ ಹಾಳಾಗಿದೆ ಎಂಬ ಸಂದೇಶ ಕಾಣಿಸಿತು. ಸರಿ ಎಂದು ಒತ್ತಿದೆ. ಸಾಮಾನ್ಯವಾಗಿ ನಾವು ಒಂದು ಕಡೆಯನ್ನು ಮಾತ್ರ ಬರೆಯುತ್ತೇವೆ, ಇನ್ನೊಂದು ಕಡೆಯನ್ನು ಕಂಪ್ಯೂಟರ್ ಕನ್ನಡಿಯಲ್ಲಿ ಕಂಡ ಹಾಗೆ ತಾನೇ ಮಾಡಿ ಫೈಲಿಗೆ ಸೇರಿಸುತ್ತದೆ. ಇದರಲ್ಲಿ ಎರಡೂ ಕಾಲು ಬೇರೆ ಬೇರೆ ಇದ್ದವು. ಎಡದ್ದು ಬಲದ್ದರ ಹಾಗಿರಲಿಲ್ಲ.

ಕೈ ತನ್ನಷ್ಟಕ್ಕೆ ತಾನೇ ಹೋಯಿತು. ಒಂದು ಕಡೆ ಕೆಟ್ಟಿದ್ದರೆ ಇನ್ನೊಂದು ಕಡೆಯಿಂದ ನಕಲು ಮಾಡಿ ಸರಿಪಡಿಸುವುದು ಆ ವಾರವೆಲ್ಲ ನಾನು ಮಾಡುತ್ತಿದ್ದ ಕೆಲಸ. ಬಲಗಾಲನ್ನು ಆರಿಸಿ, ತಿರುಗಿಸಿ ಎಡಕ್ಕೆ ಇಡುವ ಗುಂಡಿಯ ಮೇಲೆ ಬೆರಳಿತ್ತು. ಆಗ ಎಡಗಡೆಯ ಹಿಂದಿನ ತುಂಡನ್ನು ನೋಡಿದೆ. ಅದರ ಸೊಂಟದ ಗೆರೆ ಚೂರು ಕೆಳಗೆ ಇಳಿದಿತ್ತು, ಮಂಡಿಯ ಗುರುತು ಒಂದಿಷ್ಟು ಮೇಲಿತ್ತು. ಆದರೆ ಗೆರೆ ಎಲ್ಲೂ ಸಿಡಿದಿರಲಿಲ್ಲ. ಹಾಳಾದ ಫೈಲು ಇಷ್ಟು ನಯವಾಗಿ ಬಾಗುವುದಿಲ್ಲ. ಇದನ್ನು ಯಾರೋ ಒಂದು ಮೈಯ ಸುತ್ತ ನಿಧಾನವಾಗಿ ಬರೆದಿದ್ದರು.

ಬೆರಳು ತೆಗೆದು, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನಾನು ಎಂದೂ ನೋಡದ ಒಬ್ಬ ಹುಡುಗ ನನ್ನೆದುರು ನಿಂತಿದ್ದ. ಅವನ ಸೊಂಟ, ತೊಡೆ, ಎಡಕ್ಕೆ ವಾಲುವ ರೀತಿ, ಎಲ್ಲ ಗೊತ್ತಾಗುತ್ತಿತ್ತು. ನಾಚಿಕೆಯಾಯಿತು. ಅವನಿಗೂ ಆಗಿರಬಹುದು ಅನ್ನಿಸಿ ಪರದೆಯ ಬೆಳಕು ಕಡಿಮೆ ಮಾಡಿದೆ. ಮಾಸ್ಟ್ರನ್ನು ಕರೆದೆ.

ಅವರು ಬಂದು ನೋಡಿದರು. ಕೂರಲಿಲ್ಲ.

“ಇಂವನ, ನಮ್ಮ ಸಾಯಿ.”

“ಎಡಗಡೆ ಮುಂದಿನ ತುಂಡು ಪೂರ್ತಿ ಬಂದಿಲ್ಲ ಮಾಸ್ಟ್ರೇ. ಮಂಡಿ ಕೆಳಗೆ ಹೋಗೈತೆ. ಅದ್ರ ಮ್ಯಾಲೆ ಬೇರೇದೇನೋ ಬರ್ದೈತೆ.” ಅಲ್ಲಿ ಗೆರೆ ಸಿಡಿದು ಮೂಲೆಗೆ ಓಡಿತ್ತು. “ಹಿಂದಿಂದು ಮಾತ್ರ ಸರಿಯಾಗೈತೆ.”

ಅವರು ಆ ಸಿಡಿದ ಗೆರೆಯ ಮೇಲೆ ಬೆರಳಿಟ್ಟರು. ನಾನೇ ತಡವರಿಸುತ್ತ ಕೇಳಿದೆ. “ಹೊಲಿಯೋವಾಗ ಹಿಂದಿನ ಅಂಚಿಗೆ ಮುಂದಿನ ಅಂಚು ಕೂಡ್ಬೇಕಲ್ವಾ? ಒಂದು ಉದ್ದ, ಒಂದು ಗಿಡ್ಡ ಇರಂಗಿಲ್ಲ. ಹಂಗಾದ್ರೆ ಹಿಂದಿಂದು ಅಳೆದು...”

“ಮುಂದಿಂದು ಬರೀಬೌದು,” ಎಂದರು ಮಾಸ್ಟ್ರು. ಈಗ ಕೂತರು. “ಮಂಡಿ ಹತ್ರ ಒಳಗ ತಗೋ. ಇನ್ನೊಂಚೂರು. ಹಾಂ. ಅಲ್ಲಿಂದ ನೆಟ್ಟಗ ಬಿಡು, ಎಳೀಬ್ಯಾಡ.” ಅವರು ಹೇಳಿದರು, ನಾನು ಬರೆದೆ. ಹಿಂದಿನ ಅಂಚಿನ ಉದ್ದಕ್ಕೆ ಮುಂದಿನ ಅಂಚು ಬಂದು ಸರಿಯಾಗಿ ನಿಂತಿತು. ಆಮೇಲೆ ಅವರು ಕೇಳಿದರು. “ಬಲಕ್ಕೂ ಎಡಕ್ಕೂ ಎಷ್ಟು ವ್ಯತ್ಯಾಸ ಐತಿ ನೋಡವ್ವಾ.”

ಅಳೆದು ತೋರಿಸಿದೆ. ಹೆಬ್ಬೆರಳಿನ ಅಗಲದಷ್ಟೂ ಇರಲಿಲ್ಲ.

“ಇಷ್ಟನಾ?” ಎಂದರು. ಮತ್ತೊಮ್ಮೆ, ಯಾರನ್ನೋ ಕೇಳುವ ಹಾಗೆ, “ಇಷ್ಟನಾ?” ಅವರ ಕೈ ಗಾಳಿಯಲ್ಲಿ ಬೆರಳುಗಳನ್ನು ಅಗಲಿಸಿ ಹಿಡಿದಿತ್ತು. ಅದು ಅವರು ಇಷ್ಟು ದಿನ ಅಂದಾಜಿನ ಮೇಲೆ ಕತ್ತರಿಸುತ್ತಿದ್ದ ಅಳತೆ. ಅದರ ಅರ್ಧವೂ ಇರಲಿಲ್ಲ ಆ ಹುಡುಗನ ಕುಂಟು. ಅವನು ಹೋದ ಮೇಲೆ ಅದು ತಂದೆಯ ಮನಸ್ಸಿನಲ್ಲಿ ಬೆಳೆದುಬಿಟ್ಟಿತ್ತು.

ಪ್ಲಾಟರಿಗೆ ಕಳಿಸಿದೆ. ಪೆನ್ನು ಕಾಗದದ ಮೇಲೆ ಉದ್ದಕ್ಕೆ ಎಳೆಯುತ್ತ ಹೋಯಿತು. ಸರ್... ಸರ್... ದಿನವೂ ಕೇಳುವ ಸದ್ದೇ ಅದು. ಆದರೂ ನಾವಿಬ್ಬರೂ ಒಟ್ಟಿಗೆ ನೆಲ ನೋಡಿದೆವು.

ಕಾಗದವನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಡುವಾಗ ಮಾಸ್ಟ್ರು ಹೇಳಿದರು. “ಹಬ್ಬ ಮುಗಿದ ಮ್ಯಾಲ ಅದನ್ನ ಅಳಿಸಿಬಿಡವ್ವಾ. ಈ ಕಾಗದ ನಾ ಹರೀತೀನಿ.”

ಅಮಾವಾಸ್ಯೆಯ ದಿನ ಮಧ್ಯಾಹ್ನ ನನ್ನನ್ನೂ ಕರೆದಿದ್ದರು. ಒಳಕೋಣೆಯಲ್ಲಿ ಸಾಯಿಪ್ರಸಾದನ ಫೋಟೊ. ಮುಖ ಮಾತ್ರ ಇದ್ದ ಫೋಟೊ. ಆ ಮುಖವನ್ನು ನಾನು ಅಂದೇ ಮೊದಲು ನೋಡಿದ್ದು. ಉಳಿದದ್ದೆಲ್ಲ ಗೊತ್ತಿದ್ದು ಮುಖವೊಂದು ಗೊತ್ತಿರಲಿಲ್ಲ. ಬಾಳೆ ಎಲೆಯ ಮೇಲೆ ಹೋಳಿಗೆ, ವಡೆ, ಅನ್ನ, ಅವನಿಗೆ ಇಷ್ಟವೆಂದು ಮೆಣಸಿನಕಾಯಿ ಬಜ್ಜಿ. ಪಕ್ಕದಲ್ಲಿ ಮಡಿಸಿಟ್ಟ ಹೊಸ ಪ್ಯಾಂಟು. ಮಾಸ್ಟ್ರು ರಾತ್ರಿಯೆಲ್ಲ ಕೂತು ತಾವೇ ಹೊಲಿದಿದ್ದರು.

ಪದ್ಮಾವತಮ್ಮ ಅದನ್ನು ಬಿಚ್ಚಿ, ಎಡಗಾಲಿನ ಬಾಟಮ್ಮಿನ ಮಡಿಕೆಯ ಸುತ್ತ ಹೆಬ್ಬೆರಳು ಆಡಿಸಿದರು. ಸೊಂಟದ ತನಕ ಹೋಗಿ ತಿರುಗಿ ಬಂದರು. ಮಡಿಸಿ, ಎಡೆಯ ಮುಂದೆ ಇಟ್ಟು, ಕಣ್ಣೊರೆಸಿಕೊಂಡರು.

ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಬಾಗಿಲು ಮುಂದಕ್ಕೆ ಎಳೆದು ನಾವೆಲ್ಲ ಹೊರಗೆ ಕಟ್ಟೆಯ ಮೇಲೆ ಕೂತೆವು. ಯೂನಿಟ್ಟುಗಳು ಬಂದ್ ಆಗಿದ್ದರಿಂದ ಓಣಿಯಲ್ಲಿ ಮಿಶಿನ್ ಸದ್ದೇ ಇರಲಿಲ್ಲ. ಪದ್ಮಾವತಮ್ಮ ಮಾತ್ರ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದರು. ಮಾಸ್ಟ್ರು ಹೆಂಡತಿಯ ಮುಖವನ್ನೇ ನೋಡುತ್ತಿದ್ದರು, ನಾನು ನನ್ನ ಚಪ್ಪಲಿಯನ್ನು.

ಬಹಳ ಹೊತ್ತಿನ ಮೇಲೆ ಅವರು ಕಿವಿ ತೆಗೆದರು.

“ನಡದ,” ಎಂದರು. “ಎಳೀಲಿಲ್ಲ.”

ಮಾಸ್ಟ್ರು ತಲೆಯ ಮೇಲಿನ ಟವೆಲ್ ತೆಗೆದು ಮುಖ ಮುಚ್ಚಿಕೊಂಡರು.

ಎಡೆ ತೆಗೆದ ಮೇಲೆ ಆ ಬಟ್ಟೆಯನ್ನು ಮನೆಯವರು ಯಾರಾದರೂ ಉಡಬೇಕು. ಹಾಗೇ ಇಟ್ಟರೆ ಹಿರಿಯರು ಒಪ್ಪಿಕೊಂಡ ಹಾಗಾಗುವುದಿಲ್ಲ. ಉಡುವುದಕ್ಕೆ ಮನೆಯಲ್ಲಿ ಇನ್ನೊಬ್ಬ ಗಂಡಸಿರಲಿಲ್ಲ. “ನೀವ ಹಾಕ್ಕೊಳ್ರಿ ಮತ್ತ, ಯಾಕ ನಿಂತೀರಿ?” ಎಂದರು ಪದ್ಮಾವತಮ್ಮ. “ಈ ವಯಸ್ಸಿನಾಗ ಜೀನ್ಸು! ಓಣ್ಯಾನ ಮಂದಿ ಸೀಟಿ ಹೊಡೀತಾರ,” ಎನ್ನುತ್ತಲೇ ಮಾಸ್ಟ್ರು ಒಳಗೆ ಹೋದರು. ಪದ್ಮಾವತಮ್ಮ ನಕ್ಕರು. ಅವರು ನಕ್ಕದ್ದನ್ನು ನಾನು ಅಂದೇ ಕಂಡದ್ದು. ಎಲೆ ಎತ್ತಿಕೊಂಡು ಅಡಿಗೆಮನೆಗೆ ಹೋದರು.

ಮಾಸ್ಟ್ರು ಹೊರಗೆ ಬಂದರು. ಪ್ಯಾಂಟು ಅವರಿಗೆ ಸೊಂಟದಲ್ಲಿ ಸಡಿಲ, ಆದರೆ ಉದ್ದ ಸರಿಯಿತ್ತು. ಬಲಗಾಲಿನದು ಪಾದಕ್ಕೆ ಬಂದು ನಿಂತಿತ್ತು, ಎಡಗಾಲಿನದು ಹಿಮ್ಮಡಿಯಿಂದ ಮೇಲೆ ಉಳಿದು ಒಂದಿಷ್ಟು ಪಾದ ಕಾಣುತ್ತಿತ್ತು. ಅವರು ಕೆಳಗೆ ನೋಡಿಕೊಂಡರು. ನಾನು ನೋಡುತ್ತಿದ್ದೇನೆ ಎಂದು ಅವರಿಗೆ ಗೊತ್ತಾಯಿತು. ಎಡಗಡೆಯ ಸೊಂಟವನ್ನು ಚೂರು ಕೆಳಗೆ ಬಿಟ್ಟು ಎಡ ಭುಜ ವಾಲಿಸಿದರು. ಎರಡೂ ಕಾಲಿನ ಅಂಚು ಒಂದೇ ಸಮಕ್ಕೆ ಬಂತು. ಹಾಗೆಯೇ ಪಡಸಾಲೆಯಲ್ಲಿ ಅತ್ತಿಂದಿತ್ತ ನಡೆದರು. ಒಂದು ಹೆಜ್ಜೆ ಹಗುರ, ಒಂದು ಹೆಜ್ಜೆ ಭಾರ.

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

“ಹೊಸ್ತಲೈತಿ, ನೋಡಿ ನಡಿಯೋ ಸಾಯೀ,” ಎಂದು ಕೂಗಿದರು ಪದ್ಮಾವತಮ್ಮ, ದಿನವೂ ಹೇಳುವ ಮಾತಿನ ಹಾಗೆ.

ಮಾಸ್ಟ್ರು ನನ್ನನ್ನು ನೋಡಿದರು. ಆಮೇಲೆ ಅಡಿಗೆಮನೆಯ ಕಡೆ ತಿರುಗಿ, “ಹೂಂನವ್ವಾ,” ಎಂದರು.

ಮಾರನೆಯ ದಿನ ಯೂನಿಟ್ಟಿಗೆ ಹೋದವಳೇ ಆ ಫೈಲನ್ನು ಅಳಿಸಿದೆ. ಅಳಿಸಲೇ ಎಂದು ಅದು ಕೇಳಿತು, ಹೌದು ಎಂದೆ. ಹೆಸರು ಹೋಯಿತು. ಹೋಗುವುದು ಅಷ್ಟೇ ಎಂದು ನನಗೆ ಗೊತ್ತಿದೆ. ಆಮೇಲೆ ಹೊಸ ಪ್ಯಾಟರ್ನ್ ಒಂದನ್ನು ಉಳಿಸುವಾಗ ಅದು ಎಲ್ಲಿ ಹೋಗಿ ಕೂರುತ್ತದೋ ಎಂದು ಗುಂಡಿಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ತಡೆದೆ.

ಮಾಸ್ಟ್ರು ಬಂದರು. ಎಂದಿನ ಹಳೆಯ ಬೂದಿ ಬಣ್ಣದ ಪ್ಯಾಂಟು, ಕುತ್ತಿಗೆಯಲ್ಲಿ ಟೇಪು. ಬಾಗಿಲಿನಿಂದ ಕಟಿಂಗ್ ಟೇಬಲ್ಲಿನ ತನಕ ನಡೆದು ಹೋದರು.

ಕಿರಣ್ ಬಟ್ಟೆ ಹಾಸುತ್ತಿದ್ದವನು ತಲೆಯೆತ್ತಿದ. “ಮಾಸ್ಟ್ರೇ, ಕಾಲಿಗೇನಾತ್ರಿ?”

“ಯಾಕ, ಏನಾಗೈತಿ?” ಎಂದರು ಅವರು. ನಿಜವಾಗಿಯೂ ಗೊತ್ತಿಲ್ಲದವರ ಹಾಗೆ ನಿಂತು, ತಮ್ಮ ಎರಡೂ ಕಾಲನ್ನು ನೋಡಿಕೊಂಡರು.

ಕಿರಣ್ ನನ್ನ ಕಡೆ ನೋಡಿದ. ನಾನು ಕೀಬೋರ್ಡ್ ನೋಡಿದೆ.